ತೊಗಲು ತರಿಸುವ ಮುನ್ನ ಹದ ಕೇಳಿ

ಹೊಸೂರಿನಲ್ಲಿ ಒಂದೇ ಮಾತಿನೊಳಗೆ ಮೂರು ಭಾಷೆಗಳು ಬಂದುಹೋಗುತ್ತವೆ. ತಮಿಳಿನವರು ತೋಲ್ ಎನ್ನುತ್ತಾರೆ, ತೆಲುಗಿನವರು ತೋಲು ಎನ್ನುತ್ತಾರೆ, ನಾವು ತೊಗಲು ಎನ್ನುತ್ತೇವೆ. ಈಗಷ್ಟೇ ಸುಲಿದು ಉಪ್ಪು ಸವರಿದ್ದಕ್ಕೂ ಅಂಗಡಿಯ ಗಾಜಿನ ಹಿಂದೆ ಮಿರುಗುವ ಚೀಲಕ್ಕೂ ಮಾತಿನಲ್ಲಿ ಅದೇ ಪದ ನಡೆದುಹೋಗುತ್ತದೆ. ಚೆನ್ನೈ ಬಂದರಿನ ಸುಂಕದ ಕಟ್ಟೆಯಲ್ಲಿ ಮಾತ್ರ ನಡೆಯುವುದಿಲ್ಲ.

ಇದನ್ನು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಬಾಗಲೂರು ರಸ್ತೆಯ ಕಡೆ ಕೈಗವಸು ಹೊಲಿಸುವ ಪರಿಚಿತರೊಬ್ಬರಿದ್ದಾರೆ. ನಾನು ಅವರ ಲೆಕ್ಕಪತ್ರ ನೋಡಿಕೊಳ್ಳುವವನು. ಅವರು ಮೊದಲ ಸಲ ಹೊರದೇಶದಿಂದ ಕುರಿ ತೊಗಲು ತರಿಸಿದಾಗ ಇನ್‌ವಾಯ್ಸ್‌ನಲ್ಲಿ ‘ಕಚ್ಚಾ ಕುರಿ ತೊಗಲು’ ಎಂದಿತ್ತು, ಪ್ಯಾಕಿಂಗ್ ಲಿಸ್ಟ್‌ನಲ್ಲಿ ‘ಕುರಿ ಚರ್ಮ, ಬಿಳಿ’ ಎಂದಿತ್ತು. ಪೀಪಾಯಿ ತೆರೆದರೆ ಕೂದಲಿಲ್ಲದ, ಹಾಲಿನಂತೆ ಬೆಳ್ಳಗಿನ, ಮೆತ್ತನೆಯ ಹಾಳೆಗಳು. ನೋಡಿದ ಸುಂಕದ ಅಧಿಕಾರಿಗೆ ಹದವಾದ (ಕಾಯಂ ಆಗಿ ಕೊಳೆಯದಂತೆ ಮಾಡಿದ) ಚರ್ಮವೆಂಬ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಹನ್ನೊಂದು ದಿನ ಕಂಟೇನರ್ ನಿಂತಿತು. ಚೆನ್ನೈಯಲ್ಲಿ ಅದು ಅಗ್ನಿ ನಕ್ಷತ್ರದ ಬಿಸಿಲಿನ ಕಾಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎಂಬ ಗಾದೆಯನ್ನು ಆ ದಿನಗಳಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಎಷ್ಟು ಸಲ ಹೇಳಿಕೊಂಡೆವೋ ಲೆಕ್ಕವಿಲ್ಲ.

ಕೃಷ್ಣಗಿರಿ ದಾಟಿ ಹೆದ್ದಾರಿ ಹಿಡಿದರೆ ವಾಣಿಯಂಬಾಡಿ, ಆಂಬೂರು, ಮುಂದೆ ರಾಣಿಪೇಟೆ: ದೇಶದ ಚರ್ಮೋದ್ಯಮದ ದೊಡ್ಡ ಕೇರಿಗಳು. ಇತ್ತ ಈರೋಡಿನಲ್ಲೂ ಹದಮಾಡುವ ಕಾರ್ಖಾನೆಗಳಿವೆ. ಗಡಿಯ ಈಚೆ ಆಚೆ ಇರುವ ಕನ್ನಡಿಗರಲ್ಲಿ ಚೀಲ, ಬೆಲ್ಟ್, ಕೈಗವಸು ಮಾಡಿಸುವ ಸಣ್ಣ ಉದ್ಯಮಿಗಳು ಕಚ್ಚಾ ಮಾಲನ್ನು ಸ್ವತಃ ತರಿಸಲು ಹೊರಟರೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಇಲ್ಲಿದೆ.

ಮೊದಲ ಪ್ರಶ್ನೆ: ಹದ ಎಲ್ಲಿಯವರೆಗೆ ಬಂದಿದೆ?

ಪ್ರಪಂಚದ ಬಹುಪಾಲು ದೇಶಗಳು ಸರಕುಗಳನ್ನು ಎಚ್‌ಎಸ್ ಎಂಬ ಒಂದೇ ಪಟ್ಟಿಯಂತೆ ವಿಂಗಡಿಸುತ್ತವೆ. ಮೊದಲ ಆರು ಅಂಕಿಗಳು ಎಲ್ಲರಿಗೂ ಸಮಾನ, ಭಾರತ ಅದಕ್ಕೆ ಇನ್ನೆರಡು ಸೇರಿಸಿ ಎಂಟು ಮಾಡಿಕೊಂಡಿದೆ. ತೊಗಲು ಮತ್ತು ಚರ್ಮ 41ನೇ ಅಧ್ಯಾಯದಲ್ಲಿವೆ. ಈ ಅಧ್ಯಾಯವನ್ನು ಓದುವ ಬಗೆ ಸುಲಭ. ಅದು ಹದಗಾರನ ಕೊಟ್ಟಿಗೆಯಲ್ಲಿ ತೊಗಲು ಸಾಗುವ ದಾರಿಯಲ್ಲೇ ಸಾಗುತ್ತದೆ.

4101ರಿಂದ 4103ರವರೆಗೆ ಕಚ್ಚಾ ತೊಗಲು. ದನ, ಎಮ್ಮೆ, ಕುದುರೆ ಜಾತಿಯದು 4101. ಕುರಿ ಮತ್ತು ಕುರಿಮರಿಯದು 4102. ಮೇಕೆ, ಹಂದಿ, ಸರೀಸೃಪ, ಉಳಿದವು 4103. ಹಸಿಯಾಗಿರಲಿ, ಉಪ್ಪು ಹಾಕಿರಲಿ, ಒಣಗಿಸಿರಲಿ, ಸುಣ್ಣದ ಗುಂಡಿಯಿಂದ ಎತ್ತಿದ್ದಿರಲಿ, ಪಿಕಲ್ ಮಾಡಿದ್ದಿರಲಿ, ಎಲ್ಲವೂ ಕಚ್ಚಾ. ಕೂದಲು ತೆಗೆದಿದ್ದರೂ, ಪದರ ಸೀಳಿದ್ದರೂ ಕಚ್ಚಾ ಕಚ್ಚಾವೇ. ಇವೆಲ್ಲ ಕೊಳೆಯದಂತೆ ಕಾಪಾಡುವ ಅಥವಾ ಹದಕ್ಕೆ ಅಣಿಗೊಳಿಸುವ ಕೆಲಸಗಳೇ ಹೊರತು ಹದವಲ್ಲ.

4104ರಿಂದ 4106ರವರೆಗೆ ಹದವಾದದ್ದು, ಆದರೆ ಮುಂದಿನ ಕೆಲಸ ಆಗದಿರುವುದು. ಇದರಲ್ಲಿ ಎರಡು ಘಟ್ಟಗಳಿವೆ. ಒದ್ದೆಯಾಗಿರುವುದು ಒಂದು. ಕ್ರೋಮಿಯಂ ಲವಣದಲ್ಲಿ ಹದಗೊಂಡು ತಿಳಿನೀಲಿ ಬಣ್ಣಕ್ಕೆ ತಿರುಗಿದ ವೆಟ್ ಬ್ಲೂ ಇದರಲ್ಲಿ ಬರುತ್ತದೆ. ಒಣಗಿಸಿದ್ದು ಇನ್ನೊಂದು, ಅದಕ್ಕೆ ಕ್ರಸ್ಟ್ ಎಂದು ಹೆಸರು. ಒಣಗಿಸುವ ಮುನ್ನ ಮತ್ತೊಮ್ಮೆ ಹದ ಮಾಡಿದ್ದರೂ, ಬಣ್ಣ ಹಾಕಿದ್ದರೂ, ಎಣ್ಣೆ ಕುಡಿಸಿದ್ದರೂ ಅದು ಕ್ರಸ್ಟೇ ಎಂದು ಅಧ್ಯಾಯದ ಟಿಪ್ಪಣಿ ಹೇಳುತ್ತದೆ. ಬಣ್ಣ ಕಂಡ ತಕ್ಷಣ ಪೂರ್ತಿ ಸಿದ್ಧವಾದ ಚರ್ಮ ಎಂದು ಬರೆದುಕೊಳ್ಳುವವರು ಇಲ್ಲಿ ಎಡವುತ್ತಾರೆ. ಅದರಾಚೆಗೆ ದನ, ಎಮ್ಮೆಗಳ ಸಿದ್ಧ ಚರ್ಮ 4107, ಕುರಿಯದು 4112, ಮೇಕೆ ಮೊದಲಾದವುಗಳದು 4113.

ಇಷ್ಟರಲ್ಲಿ ನಿಜವಾದ ಜಗಳ ನಡೆಯುವುದು ಒಂದೇ ಗಡಿಯಲ್ಲಿ, ಕಚ್ಚಾ ಎಲ್ಲಿ ಮುಗಿದು ಹದ ಎಲ್ಲಿ ಶುರುವಾಗುತ್ತದೆ ಎಂಬಲ್ಲಿ. ಪಿಕಲ್ ಎಂದರೆ ಆಮ್ಲ ಮತ್ತು ಉಪ್ಪಿನ ನೀರಿನಲ್ಲಿ ನೆನೆಸುವುದು, ಹೆಚ್ಚುಕಡಿಮೆ ನಮ್ಮ ಉಪ್ಪಿನಕಾಯಿಯ ವಿದ್ಯೆಯೇ. ಕುರಿಯ ತೊಗಲು ಆಗ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಕ್ರೋಮ್ ಬಳಸದೆ ಹದಮಾಡಿದ ಒದ್ದೆ ಚರ್ಮವೂ ಬೆಳ್ಳಗಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಪಟ್ಟಿಯಲ್ಲಿ ಒಂದು 4102, ಇನ್ನೊಂದು 4105. ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಪದರ ಸೀಳಲು ಅನುಕೂಲವಾಗಲೆಂದು ಮಾಡುವ, ಮತ್ತೆ ಹಿಂದಿನ ಸ್ಥಿತಿಗೆ ಮರಳಿಸಬಹುದಾದ ಅರೆಹದವನ್ನು ಹದವೆಂದು ಎಣಿಸುವುದಿಲ್ಲ. ಅದು ಕಚ್ಚಾ ತೊಗಲಿನ ಸಾಲಿಗೇ ಸೇರುತ್ತದೆ.

ಗುರುತಿಸುವುದು ಹೇಗೆ? ಹಳೆಯ ಹದಗಾರರ ಬಳಿ ಒಂದು ಉಪಾಯವಿದೆ. ಬೆರಳಗಲದ ತುಂಡನ್ನು ನೀರಿಗೆ ಬಿಟ್ಟು ನಿಧಾನವಾಗಿ ಕುದಿಯುವವರೆಗೆ ಕಾಯಿಸಿ. ಕಚ್ಚಾ ತೊಗಲು ನೀರು 60 ಡಿಗ್ರಿ ದಾಟುವಷ್ಟರಲ್ಲೇ ಸುರುಳಿಯಾಗಿ ಕುಗ್ಗುತ್ತದೆ, ಪಿಕಲ್ ಆದದ್ದು ಅದಕ್ಕಿಂತ ಮೊದಲೇ. ಚೆನ್ನಾಗಿ ಕ್ರೋಮ್ ಹದವಾದದ್ದು ಕುದಿಯುವ ನೀರಿನಲ್ಲೂ ಮೈ ಮುದುಡುವುದಿಲ್ಲ. ಬೇರೆ ಹದಗಳು ಇವೆರಡರ ನಡುವೆ ಎಲ್ಲೋ ನಿಲ್ಲುತ್ತವೆ. ಪ್ರಯೋಗಾಲಯದವರು ಇದನ್ನೇ ಯಂತ್ರದಲ್ಲಿಟ್ಟು, ಕುಗ್ಗುವ ಉಷ್ಣತೆ ಇಷ್ಟು ಎಂದು ಬರೆದುಕೊಡುತ್ತಾರೆ. ಚೆನ್ನೈನ ಅಡ್ಯಾರ್‌ನಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಮಾಲು ಹಡಗು ಹತ್ತುವ ಮುನ್ನವೇ ಮಾದರಿ ತರಿಸಿ ಪರೀಕ್ಷೆ ಮಾಡಿಸಿದರೆ ಆ ವರದಿ ನಿಮ್ಮ ಕಡತದಲ್ಲಿರುತ್ತದೆ. ನಮ್ಮ ಪರಿಚಿತರ ಮಾಲು ಕೊನೆಗೆ ಪಿಕಲ್ ಮಾಡಿದ ಕಚ್ಚಾ ತೊಗಲೆಂದೇ ತೀರ್ಮಾನವಾಯಿತು, ಹನ್ನೊಂದು ದಿನದ ಬಾಡಿಗೆ ತೆತ್ತ ಮೇಲೆ.

ಆದ್ದರಿಂದ ಪೂರೈಕೆದಾರನನ್ನು ‘ಎಚ್‌ಎಸ್ ಕೋಡ್ ಏನು?’ ಎಂದು ಕೇಳಬೇಡಿ. ಆತ ತನ್ನ ದೇಶದ ರಫ್ತಿಗೆ ಒಗ್ಗುವ ಸಂಖ್ಯೆ ಹೇಳುತ್ತಾನೆ. ‘ಈ ತೊಗಲಿಗೆ ಏನೇನು ಮಾಡಿದ್ದೀರಿ, ಯಾವ ಕ್ರಮದಲ್ಲಿ ಮಾಡಿದ್ದೀರಿ, ಯಾವ ರಾಸಾಯನಿಕ ಬಳಸಿದ್ದೀರಿ?’ ಎಂದು ಬರಹದಲ್ಲಿ ಕೇಳಿ. ಉತ್ತರದ ಮಾತುಗಳೇ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ) ಮೂರರಲ್ಲೂ ಅಕ್ಷರಶಃ ಬರಲಿ.

ಕೂದಲಿದ್ದರೆ ಎಚ್ಚರ

ಕೂದಲು ಅಥವಾ ಉಣ್ಣೆ ಸಹಿತ ತೊಗಲು ಸಾಮಾನ್ಯವಾಗಿ ತುಪ್ಪುಳು ಚರ್ಮಗಳ 43ನೇ ಅಧ್ಯಾಯಕ್ಕೆ ಹೋಗುತ್ತದೆ. ಆದರೆ ದನ, ಎಮ್ಮೆ, ಕುದುರೆ, ಕುರಿ, ಮೇಕೆ, ಹಂದಿ, ಒಂಟೆ, ಜಿಂಕೆ, ಕೊನೆಗೆ ನಾಯಿಯನ್ನೂ ಹೆಸರಿಸಿ, ಇವುಗಳ ಕಚ್ಚಾ ತೊಗಲು ಕೂದಲಿದ್ದರೂ 41ರಲ್ಲೇ ಇರಲಿ ಎಂದು ಟಿಪ್ಪಣಿ ಬಿಟ್ಟುಕೊಟ್ಟಿದೆ. ಈ ವಿನಾಯಿತಿ ಕಚ್ಚಾ ತೊಗಲಿಗೆ ಮಾತ್ರ. ಅದೇ ಹಸುವಿನ ತೊಗಲನ್ನು ಕೂದಲು ಉಳಿಸಿಕೊಂಡು ಹದಮಾಡಿ ನೆಲಹಾಸಿಗೆಂದು ತಂದರೆ ಅದು 4302 ಆಗುತ್ತದೆ. ವಿನಾಯಿತಿಗೂ ಅಪವಾದಗಳಿವೆ. ಕ್ಯಾರಕುಲ್, ಆಸ್ಟ್ರಖಾನ್ ಮೊದಲಾದ ಗುಂಗುರು ಉಣ್ಣೆಯ ಕುರಿಮರಿಗಳ ಜೊತೆಗೆ ‘ಭಾರತೀಯ ಕುರಿಮರಿ’ಯ ಹೆಸರೂ ಇದ್ದು, ಅದರ ಉಣ್ಣೆಸಹಿತ ಕಚ್ಚಾ ತೊಗಲು 4301ಕ್ಕೆ ಸೇರುತ್ತದೆ. ನಮ್ಮ ಮರಿಗೆ ಇಷ್ಟು ಗೌರವವಿದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಕಚ್ಚಾ ತೊಗಲಿನ ಕತ್ತರಿಸಿದ ಅಂಚು, ಚೂರುಗಳ ರಾಶಿ 41ನೇ ಅಧ್ಯಾಯದ್ದಲ್ಲ, ಅದು 0511. ತಿನ್ನಲು ಬರುವ ತೊಗಲಿನ ಜಾಗವೂ ಬೇರೆ, ಅದನ್ನು ಮಾಂಸದ ಅಧ್ಯಾಯದಲ್ಲಿ ಹುಡುಕಬೇಕು.

ತಕ್ಕಡಿ

ತೂಕದ ಪ್ರಶ್ನೆ ಬರುವುದು 4101ರಲ್ಲಿ. ಸೀಳದ ಇಡೀ ತೊಗಲು, ಒಂದೊಂದರ ತೂಕ ಬರೇ ಒಣಗಿಸಿದ್ದಾದರೆ 8 ಕಿಲೊ, ಉಪ್ಪು ಹಾಕಿ ಒಣಗಿಸಿದ್ದಾದರೆ 10 ಕಿಲೊ, ಹಸಿ ಅಥವಾ ಉಪ್ಪಿನಲ್ಲಿ ಒದ್ದೆಯಾಗಿರುವುದಾದರೆ 16 ಕಿಲೊ ಮೀರದಿದ್ದರೆ 4101.20. ಇಡೀ ತೊಗಲು 16 ಕಿಲೊ ದಾಟಿದರೆ 4101.50. ಬೆನ್ನಿನ ಭಾಗ, ಹೊಟ್ಟೆಯ ಭಾಗ ಎಂದು ಕತ್ತರಿಸಿ ಬಂದದ್ದು 4101.90. ಇದು ಒಂದೊಂದು ತೊಗಲಿನ ತೂಕವೇ ಹೊರತು ಇಡೀ ರಾಶಿಯ ಸರಾಸರಿಯಲ್ಲ. ಕರುವಿನದು, ದೊಡ್ಡ ದನದ್ದು ಬೆರೆತು ಬಂದರೆ ಬೇರೆ ಬೇರೆ ಸಾಲುಗಳಲ್ಲಿ ತೋರಿಸಬೇಕು. ಉಪ್ಪುನೀರು ದಾರಿಯುದ್ದಕ್ಕೂ ಬಸಿಯುತ್ತಿರುತ್ತದೆ, ಹತ್ತುವಾಗಿನ ತೂಕ ಇಳಿಯುವಾಗ ಇರುವುದಿಲ್ಲ. ತೂಕ ಯಾವ ದಿನ, ಎಲ್ಲಿ ಮಾಡಿದ್ದು ಎಂದು ಪ್ಯಾಕಿಂಗ್ ಲಿಸ್ಟ್‌ನಲ್ಲಿ ಬರೆಸಿಕೊಳ್ಳಿ.

ರೋಗದ ಕಾಗದ

ಕಚ್ಚಾ ತೊಗಲಿನ ಜೊತೆ ಅಂತ್ರಾಕ್ಸ್, ಕಾಲುಬಾಯಿ ಜ್ವರದಂಥ ರೋಗಗಳು ಹಡಗು ಹತ್ತಬಲ್ಲವು. ರಫ್ತು ಮಾಡುವ ದೇಶದ ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವಿಲ್ಲದೆ ಮಾಲು ಹೊರಡದಂತೆ ನೋಡಿಕೊಳ್ಳಿ. ಅದರಲ್ಲಿ ಯಾವ ರೋಗದ ಬಗ್ಗೆ ಏನು ಬರೆದಿರಬೇಕು, ಮುಂಗಡ ಅನುಮತಿ ಬೇಕೇ ಎಂಬುದನ್ನು ಬಂದರಿನ ಪಶು ಸಂಗರೋಧ (ಕ್ವಾರಂಟೈನ್) ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಅದೇ ಒಕ್ಕಣೆಯನ್ನು ಪೂರೈಕೆದಾರನಿಗೆ ಕಳುಹಿಸಿ. ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತ, ಹೈದರಾಬಾದ್, ಬೆಂಗಳೂರುಗಳಲ್ಲಿ ಈ ಕೇಂದ್ರಗಳಿವೆ. ಹಾವು, ಮೊಸಳೆ, ಉಡಗಳ ತೊಗಲಿನ ಆಸೆ ಇದ್ದರೆ ವನ್ಯಜೀವಿ ಕಾಯ್ದೆ ಮತ್ತು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ದಾರಿ ಬೇರೆಯೇ ಇದೆ. ಸಣ್ಣವರು ಆ ಕಡೆ ತಲೆ ಹಾಕದಿರುವುದು ಲೇಸು.

ಸುಂಕದ ಲೆಕ್ಕ

ಕಚ್ಚಾ ತೊಗಲಿನ ಸಾಲುಗಳಿಗೆ ಮೂಲ ಸೀಮಾ ಸುಂಕ ಇಲ್ಲ. ಹೊಲಿಯುವವರಿಗೆ ಕಚ್ಚಾ ಮಾಲು ಸಿಗಲಿ, ಕೆಲಸ ಇಲ್ಲೇ ಆಗಲಿ ಎಂಬುದು ಸರ್ಕಾರದ ಲೆಕ್ಕಾಚಾರ. ಅದೇ ಕಾರಣಕ್ಕೆ 2025ರ ಬಜೆಟ್‌ನಲ್ಲಿ ವೆಟ್ ಬ್ಲೂ ಮೇಲಿದ್ದ ಶೇ 10ರ ಸುಂಕವನ್ನೂ ಪೂರ್ತಿ ತೆಗೆದರು. ಕ್ರಸ್ಟ್‌ ಚರ್ಮಕ್ಕೆ ಆ ಬಜೆಟ್‌ನಲ್ಲಿ ಸಿಕ್ಕಿದ್ದು ರಫ್ತು ಸುಂಕದ ವಿನಾಯಿತಿ. ಶೇ 20ರಷ್ಟಿದ್ದದ್ದು ಹೋಯಿತು. ಆಮದಿಗೂ ವಿನಾಯಿತಿ ಸಿಕ್ಕಿತೆಂದು ತಿಳಿದು ಆರ್ಡರ್ ಕೊಟ್ಟವರನ್ನು ಕಂಡಿದ್ದೇನೆ.

ಒಂದು ಉದಾಹರಣೆ ನೋಡೋಣ. ಮಾಲಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ 21,725 ಡಾಲರ್ ಎನ್ನಿ. ಕಸ್ಟಮ್ಸ್ ಪ್ರಕಟಿಸಿದ ದರ ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಮೌಲ್ಯ 18,46,625 ರೂಪಾಯಿ. ಬ್ಯಾಂಕಿನವರು ನಿಮಗೆ ಕೊಟ್ಟ ದರ ಇಲ್ಲಿ ಲೆಕ್ಕಕ್ಕಿಲ್ಲ.

ಕಚ್ಚಾ ತೊಗಲಾದರೆ ಮೂಲ ಸುಂಕ ಸೊನ್ನೆ. ಸಮಾಜ ಕಲ್ಯಾಣ ಸರ್ಚಾರ್ಜ್ ಎಂಬುದು ಮೂಲ ಸುಂಕದ ಶೇ 10, ಮೂಲವೇ ಸೊನ್ನೆಯಾದರೆ ಅದೂ ಸೊನ್ನೆ. ಉಳಿಯುವುದು ಆಮದಿನ ಮೇಲಿನ ಜಿಎಸ್‌ಟಿಯಾದ ಶೇ 5ರ ಐಜಿಎಸ್‌ಟಿ: 92,331 ರೂಪಾಯಿ. ಅದೇ ಬೆಲೆಯ ಮಾಲು ಶೇ 10 ಸುಂಕದ ಕ್ರಸ್ಟ್ ಎಂದು ತೀರ್ಮಾನವಾದರೆ ಮೂಲ ಸುಂಕ 1,84,662, ಸರ್ಚಾರ್ಜ್ 18,466, ಇವೆರಡನ್ನೂ ಮೌಲ್ಯಕ್ಕೆ ಕೂಡಿಸಿ ಅದರ ಮೇಲೆ ಐಜಿಎಸ್‌ಟಿ 1,02,488. ಒಟ್ಟು 3,05,616 ರೂಪಾಯಿ. ಐಜಿಎಸ್‌ಟಿಯನ್ನು ನೋಂದಾಯಿತ ಉದ್ಯಮಿ ಮುಂದೆ ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಎರಡು ಲಕ್ಷ ಮೀರಿದ ಸುಂಕ ಮತ್ತು ಸರ್ಚಾರ್ಜ್ ಮಾತ್ರ ಕೈ ಬಿಟ್ಟ ಹಣ.

ಅಗ್ಗವೆಂದು ಕಚ್ಚಾ ತೊಗಲಿಗೇ ಕೈ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಉಪ್ಪಿನ ತೊಗಲನ್ನು ನೆನೆಸಿ, ಸುಣ್ಣಕ್ಕೆ ಹಾಕಿ, ಕೂದಲು ತೆಗೆಯುವ ಕೆಲಸದಲ್ಲೇ ಕೊಳಕು ನೀರು ಅತಿ ಹೆಚ್ಚು. ಪಾಲಾರ್ ನದಿಗೆ ಆದ ಗತಿಯ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲೇ ಕಟುವಾದ ತೀರ್ಪು ಕೊಟ್ಟಿದೆ. ಶುದ್ಧೀಕರಣ ಘಟಕದ ಜೊತೆ ಜೋಡಣೆ ಇರುವ ಕಾರ್ಖಾನೆ ನಿಮ್ಮ ಮಾಲನ್ನು ಹದಮಾಡಿಕೊಡಲು ಒಪ್ಪಿದೆಯೇ ಎಂದು ಮೊದಲು ನೋಡಿ. ವೆಟ್ ಬ್ಲೂಗೂ ಸುಂಕವಿಲ್ಲದ ಮೇಲೆ ಸಣ್ಣವರಿಗೆ ಅದೇ ಹಗುರ ಎಂಬುದು ನನ್ನ ಎಣಿಕೆ. ಆದರೆ ವಿನಾಯಿತಿಯ ಸಾಲಿನಲ್ಲಿರುವ ಹೆಸರು ವೆಟ್ ಬ್ಲೂ. ಒದ್ದೆಯಾಗಿರುವ ಎಲ್ಲ ಚರ್ಮವೂ ನೀಲಿಯಲ್ಲ.

ಕಾಗದ ಸಲ್ಲಿಸುವುದು

ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಐಇಸಿ ಎಂಬ ಆಮದು-ರಫ್ತುದಾರರ ಗುರುತಿನ ಸಂಖ್ಯೆ ಪಡೆಯಬೇಕು, ಶುಲ್ಕ 500 ರೂಪಾಯಿ. ಬಿಲ್ ಆಫ್ ಎಂಟ್ರಿಯನ್ನು (ಆಮದು ಮಾಲಿನ ಘೋಷಣಾ ಪತ್ರ) ಕಸ್ಟಮ್ಸ್ ಬ್ರೋಕರ್ ಐಸ್‌ಗೇಟ್ ಜಾಲತಾಣದಲ್ಲಿ ಸಲ್ಲಿಸುತ್ತಾರೆ. ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಸಲ್ಲಿಸುವುದು ಸಾಮಾನ್ಯ ನಿಯಮ. ತಡವಾದರೆ ದಿನಲೆಕ್ಕದಲ್ಲಿ ದಂಡ ಬೀಳುತ್ತದೆ. ಸಲ್ಲಿಸಿದ ದಿನ, ಹಡಗಿಗೆ ಒಳಪ್ರವೇಶ ಸಿಕ್ಕ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಆ ದಿನದ ಸುಂಕವೇ ಅನ್ವಯ. ಹಾಗಾಗಿ ಆರ್ಡರ್ ಕೊಟ್ಟ ದಿನದ ದರವನ್ನು ನಂಬಿ ಕೂರಬೇಡಿ, ನಡುವೆ ಬಜೆಟ್ ಬಂದರೆ ವಿಶೇಷವಾಗಿ.

ವಿಂಗಡಣೆಯ ಬಗ್ಗೆ ಅನುಮಾನ ಉಳಿದಿದ್ದು, ಅದೇ ಮಾಲನ್ನು ಮತ್ತೆ ಮತ್ತೆ ತರಿಸುವ ಯೋಚನೆಯಿದ್ದರೆ ಮುಂಗಡ ತೀರ್ಪಿಗೆ ಅರ್ಜಿ ಹಾಕಬಹುದು. ದೆಹಲಿ ಮತ್ತು ಮುಂಬೈಯಲ್ಲಿ ಇದಕ್ಕಾಗಿ ಪ್ರಾಧಿಕಾರಗಳಿವೆ, ಶುಲ್ಕ 10,000 ರೂಪಾಯಿ, ಮೂರು ತಿಂಗಳೊಳಗೆ ಉತ್ತರ ಬರಬೇಕು. ಆ ಉತ್ತರ ಅರ್ಜಿದಾರನನ್ನೂ ಇಲಾಖೆಯನ್ನೂ ಕಟ್ಟಿಹಾಕುತ್ತದೆ. ಒಂದೇ ಕಂಟೇನರ್ ತರಿಸುವವರಿಗೆ ಇಷ್ಟು ದೂರ ಹೋಗುವುದು ದುಬಾರಿ.

ಮಾಲು ಬಿಡುಗಡೆಯಾಯಿತೆಂದು ಕಡತ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಕಡಿಮೆ ಕಟ್ಟಿದ ಸುಂಕವನ್ನು ಇಲಾಖೆ ಎರಡು ವರ್ಷದವರೆಗೆ ಕೇಳಬಹುದು, ಬೇಕೆಂದೇ ಸುಳ್ಳು ಹೇಳಿದ್ದಾದರೆ ಐದು ವರ್ಷ. ಬಡ್ಡಿ ವರ್ಷಕ್ಕೆ ಶೇ 15. ಕಾಗದಗಳನ್ನು ಐದು ವರ್ಷ ಇಡಿ. ನಾವು ಆ ಮೊದಲ ಮಾಲಿನ ಒಂದು ತುಂಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಡತದ ಜೊತೆ ಇಟ್ಟಿದ್ದೇವೆ. ಕಪಾಟು ತೆರೆದಾಗಲೆಲ್ಲ ಅದು ಇನ್ನೂ ಕಚ್ಚಾ ತೊಗಲೇ ಎಂದು ಮೂಗಿಗೆ ಗೊತ್ತಾಗುತ್ತದೆ.