‘ಪ್ರೇಮಲೋಕ’ದ ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ

1987ರಲ್ಲಿ ತೆರೆಕಂಡ ರವಿಚಂದ್ರನ್ ಅವರ ‘ಪ್ರೇಮಲೋಕ’ದ ಹಾಡುಗಳು ಈಗ ಮೊಬೈಲಿನಲ್ಲಿ ಬೇಕೆಂದಾಗ ಸಿಗುತ್ತವೆ. ಆದರೂ ಹಂಸಲೇಖ ಅವರೇ ಬರೆದು ಸಂಗೀತ ಕೊಟ್ಟ ಆ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಕೇಳುತ್ತ ಬೆಳೆದವರಿಗೆ, ಒಂದು ಹಾಡು ಮುಗಿಯುತ್ತಲೇ ಮುಂದಿನದರ ಮೊದಲ ಸ್ವರ ತಾನಾಗಿ ನೆನಪಿಗೆ ಬರುವುದು, ಒಂದು ಬದಿ ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಾಗ ಮಗುಚಿ ಹಾಕುವವರು ಯಾರೆಂದು ಅಣ್ಣ ತಂಗಿಯರ ನಡುವೆ ಜಗಳವಾಗುವುದು, ಇವೆಲ್ಲ ಆ ಪೆಟ್ಟಿಗೆಗೇ ಅಂಟಿಕೊಂಡ ನೆನಪುಗಳು. ಆದ್ದರಿಂದ ಹಾಡುಗಳನ್ನು ಬಿಡಿಬಿಡಿಯಾಗಿ ಹೆಕ್ಕದೆ, ಕ್ಯಾಸೆಟ್ಟಿನ ಒಂದೊಂದು ಬದಿಯನ್ನೂ ಆದಿಯಿಂದ ಅಂತ್ಯದವರೆಗೆ ಒಂದೇ ಓಟದಲ್ಲಿ ಇಳಿಸಿಕೊಳ್ಳಬೇಕೆಂಬುದು ನನ್ನ ಸಲಹೆ.

ಕ್ಯಾಸೆಟ್ಟನ್ನು ತೆಗೆದ ಕೂಡಲೇ ಟೇಪ್ ರೆಕಾರ್ಡರಿಗೆ ಹಾಕಬಾರದು. ಮೊದಲು ಅದರ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಬೇಕು; ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಓಡಿಸದೆ, ಬಲ್ಲವರಿಂದ ಸ್ವಚ್ಛಗೊಳಿಸಬೇಕು, ಇಲ್ಲವಾದರೆ ಬೂಷ್ಟು ಹೆಡ್ಡಿಗೆ, ಅಂದರೆ ಟೇಪಿನಿಂದ ಧ್ವನಿಯನ್ನು ಓದುವ ರೆಕಾರ್ಡರಿನ ಭಾಗಕ್ಕೆ, ಹತ್ತಿ ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಟೇಪು ಕಾಣುವ ತೆರೆದ ಅಂಚಿನ ನಡುವೆ, ತೆಳು ಲೋಹದ ಪಟ್ಟಿಯ ಮೇಲೆ ಕೂತ ಚಿಕ್ಕ ಉಣ್ಣೆಯ ತುಂಡೊಂದು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ಹಳೆಯ ಕ್ಯಾಸೆಟ್ಟುಗಳಲ್ಲಿ ಅಂಟು ಒಣಗಿ ಅದು ಉದುರಿರುವುದುಂಟು, ಆಗ ಧ್ವನಿ ಮಂಕಾಗಿ ಏರಿಳಿಯುತ್ತದೆ. ಬೇಡದ ಕ್ಯಾಸೆಟ್ಟೊಂದರ ಸ್ಕ್ರೂ ಬಿಚ್ಚಿ, ಎರಡೂ ಸುರುಳಿಗಳನ್ನು ಅದರ ಪೆಟ್ಟಿಗೆಗೆ ವರ್ಗಾಯಿಸುವುದೇ ಇದಕ್ಕೆ ಒಳ್ಳೆಯ ಪರಿಹಾರ. ತುಂಡಾದ ಟೇಪಿಗೆ ಮನೆಯ ಸೆಲ್ಲೋ ಟೇಪನ್ನು ಅಂಟಿಸಬಾರದು. ಅದರ ಅಂಟು ಒಸರಿ ಪಕ್ಕದ ಸುತ್ತುಗಳನ್ನು ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ತಂದ ಕ್ಯಾಸೆಟ್ಟಾಗಿದ್ದರೆ, ತಪ್ಪಿ ಅಳಿಸಿಹೋಗದಂತೆ ಹಿಂಬದಿಯ ಎರಡು ಪ್ಲಾಸ್ಟಿಕ್ ನಾಲಿಗೆಗಳನ್ನು ಮುರಿದುಬಿಡಬೇಕು. ಆನಂತರ ಇಡೀ ಟೇಪನ್ನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಸುತ್ತಿದರೆ, ವರ್ಷಗಟ್ಟಲೆ ಬಿಗಿದು ಕೂತ ಸುರುಳಿ ಸಡಿಲಗೊಳ್ಳುತ್ತದೆ.

ಟೇಪ್ ರೆಕಾರ್ಡರಿನ ಹೆಡ್ಡನ್ನೂ, ಟೇಪನ್ನು ಒತ್ತಿ ಸಾಗಿಸುವ ರಬ್ಬರ್ ಗಾಲಿಯನ್ನೂ ಹತ್ತಿಯ ಕಡ್ಡಿಯಿಂದ ಒರೆಸಬೇಕು. ಹೆಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ, ಗಾಲಿಗೆ ಸ್ವಲ್ಪ ಸೋಪಿನ ನೀರು ಸಾಕು. ಕಡ್ಡಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ.

ಇನ್ನು ಹೆಚ್ಚಿನವರು ಗಮನಿಸದೆ ಬಿಡುವ, ಆದರೆ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸವೊಂದಿದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುವ ಟೇಪಿಗೆ ಹೆಡ್ಡು ಸರಿಯಾಗಿ ಲಂಬವಾಗಿರಬೇಕು. ಕೂದಲೆಳೆಯಷ್ಟು ವಾಲಿದರೂ ಎತ್ತರದ ಸ್ವರಗಳು ಕರಗಿಹೋಗುತ್ತವೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಇದನ್ನು ಹೊಂದಿಸಲೆಂದೇ ಇದೆ. ಅದರ ಮೂಲ ಸ್ಥಾನವನ್ನು ಗುರುತು ಮಾಡಿಕೊಂಡು, ‘ಈ ನಿಂಬೆ ಹಣ್ಣಿನಂಥ ಹುಡುಗಿ’ಯಂತಹ ಲವಲವಿಕೆಯ ಹಾಡೊಂದನ್ನು ಹಾಕಿ, ಎಡಬಲ ಎರಡನ್ನೂ ಬೆರೆಸಿ ಮೋನೋ ಆಗಿ ಕೇಳುತ್ತ, ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ತಾಳವಾದ್ಯಗಳೂ ಹಾಡಿನ ‘ಸ’ಕಾರ ‘ಶ’ಕಾರಗಳೂ ಎಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳುತ್ತವೆಯೋ ಅಲ್ಲಿ ನಿಲ್ಲಿಸಬೇಕು. ಹೊದಿಕೆ ಸರಿಸಿದಂತೆ ಧ್ವನಿ ತೆರೆದುಕೊಳ್ಳುವ ಆ ಬಿಂದುವನ್ನು ತಪ್ಪಿಸಿಕೊಂಡರೆ, ಮುಂದೆ ಯಾವ ತಂತ್ರಾಂಶವೂ ಅದನ್ನು ಪೂರ್ತಿಯಾಗಿ ಮರಳಿ ಕೊಡಲಾರದು.

ರೆಕಾರ್ಡರಿನ ಲೈನ್ ಔಟ್‌ನಿಂದ (ಧ್ವನಿ ಹೊರಬರುವ ತೂತು) ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಸೌಂಡ್ ಕಾರ್ಡಿನ ಲೈನ್ ಇನ್‌ಗೆ (ಧ್ವನಿ ಒಳಹೋಗುವ ತೂತು) ವೈರು ಕೊಡಬೇಕು. ಲ್ಯಾಪ್‌ಟಾಪಿನ ಒಂದೇ ತೂತಿನ ಜ್ಯಾಕ್ ಸಾಮಾನ್ಯವಾಗಿ ಮೈಕಿಗೆಂದು ಇರುವುದರಿಂದ ಅಲ್ಲಿ ಸ್ಟೀರಿಯೋ ಸಿಗುವುದಿಲ್ಲ. ಗುಂಯ್ ಎಂಬ ಸದ್ದು ಬಂದರೆ ಚಾರ್ಜರನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಆಯ್ದುಕೊಂಡು, ಅತಿ ಜೋರಾದ ಭಾಗವೂ ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟ ಹೊಂದಿಸಿ. ಅರ್ಧ ಗಂಟೆಯ ಬದಿಯೊಂದಕ್ಕೆ ಸುಮಾರು 520 ಎಂಬಿ ಜಾಗ ಬೇಕು.

ಇಳಿಸಿಕೊಂಡ ಕಡತವನ್ನು ಹಾಗೆಯೇ ಇಟ್ಟುಕೊಂಡು, ತಿದ್ದುಪಡಿಯನ್ನು ಅದರ ನಕಲಿನಲ್ಲಿ ಮಾತ್ರ ಮಾಡಿ. ಎರಡು ಹಾಡುಗಳ ನಡುವಿನ ಮೌನದಿಂದ ಟೇಪಿನ ಸುಯ್ಯೆನ್ನುವ ಸದ್ದಿನ ಮಾದರಿ ತೆಗೆದು ಅದನ್ನು ತಗ್ಗಿಸಬಹುದು. ಆದರೆ ಅತಿಯಾದರೆ ವಾದ್ಯಗಳೆಲ್ಲ ನೀರೊಳಗೆ ಮುಳುಗಿದಂತೆ ಕೇಳಿಸುತ್ತವೆ. ‘ಮೋಸಗಾರನ ಹೃದಯಶೂನ್ಯನ’ ಹಾಡಿನ ಕೆಳಗೆ ಸ್ವಲ್ಪ ಸುಯ್ಯೆನ್ನುವ ಸದ್ದು ಉಳಿದರೆ ಏನೂ ನಷ್ಟವಿಲ್ಲ. ಎಷ್ಟೋ ಬಾರಿ ಹಿಂದಕ್ಕೆ ಸುತ್ತಿ ಕೇಳಿದ ಹಾಡಿನಲ್ಲಿ ಟೇಪು ಸವೆದು ಧ್ವನಿ ಕ್ಷಣಕಾಲ ಕುಗ್ಗುವುದುಂಟು. ಅದನ್ನು ನಾನಂತೂ ಸರಿಪಡಿಸುವುದಿಲ್ಲ, ಏಕೆಂದರೆ ಮನೆಯವರಿಗೆ ಯಾವ ಹಾಡು ಹೆಚ್ಚು ಇಷ್ಟವಾಗಿತ್ತೆಂಬುದಕ್ಕೆ ಅದೊಂದೇ ಲಿಖಿತವಲ್ಲದ ಸಾಕ್ಷಿ.

ಹೊದಿಕೆಯ ಕಾಗದದ ಎರಡೂ ಬದಿಗಳನ್ನೂ, ಲೇಬಲ್ಲಿನ ಮೇಲೆ ಬಾಲ್ ಪೆನ್ನಿನಲ್ಲಿ ಬರೆದ ಹೆಸರನ್ನೂ ಸ್ಕ್ಯಾನ್ ಮಾಡಿಕೊಳ್ಳಬೇಕು. ಅನಂತರ ಮನೆಯ ಹಿರಿಯರನ್ನು ಕೂರಿಸಿ ಪೂರ್ತಿ ಬದಿಯನ್ನು ಕೇಳಿಸಿ, ಕ್ಯಾಸೆಟ್ಟು ಎಲ್ಲಿ ಕೊಂಡದ್ದು, ಯಾರಿಗೆ ಎರವಲು ಹೋಗಿತ್ತು, ಯಾರ ಮದುವೆಯ ಮೈಕ್ ಸೆಟ್ಟಿನಲ್ಲಿ ನುಡಿದಿತ್ತು ಎಂದು ಕೇಳಿ, ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅದೇ ಫೋಲ್ಡರಿನಲ್ಲಿ ಸೇರಿಸಿ. ಹಾಡುಗಳ ಹಕ್ಕು ಅವುಗಳ ಮಾಲೀಕರದ್ದಾದ್ದರಿಂದ ಪ್ರತಿಯನ್ನು ಜಾಲತಾಣಕ್ಕೆ ಏರಿಸಬೇಡಿ. ಒಂದು ಪ್ರತಿ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಅಣ್ಣನದೋ ಅಕ್ಕನದೋ ಮನೆಯಲ್ಲಿ ಇರಲಿ. ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸ್ಪೀಕರುಗಳಿಂದಲೂ ಮಳೆಗಾಲದ ತೇವದಿಂದಲೂ ದೂರವಿಡಿ.