ಅಜ್ಜಿಯ ಆಲ್ಬಮ್, ಇಮೇಜ್‌ಮ್ಯಾಜಿಕ್ ಮತ್ತು ಒತ್ತಕ್ಷರದ ತಕರಾರು

ಅಜ್ಜಿಯ ಆಲ್ಬಮ್ಮಿನ 214 ಫೋಟೋಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೆ. ಅದರಲ್ಲಿ ಯಾರು ಯಾರು ಎಂದು ಹೇಳಬಲ್ಲವರು ಈಗ ಚಿಕ್ಕಪ್ಪ ಒಬ್ಬರೇ. ಅವರು ಹೇಳುತ್ತ ಹೋದರು, ನಾನು ಸ್ಪ್ರೆಡ್‌ಶೀಟಿನಲ್ಲಿ ಬರೆದುಕೊಂಡೆ. ಒಂದು ಕಾಲಮ್ಮಿನಲ್ಲಿ ಫೈಲಿನ ಹೆಸರು, ಪಕ್ಕದಲ್ಲಿ ವಿವರ. ಇನ್ನು ಆ ವಿವರ ಪ್ರತಿ ಫೋಟೋದ ಕೆಳಗೆ ಬರಬೇಕು. ಚಿತ್ರ ತಿದ್ದುವ ಗಿಂಪ್‌ನಲ್ಲಿ ಒಂದೊಂದೇ ತೆರೆದು ಟೈಪ್ ಮಾಡಲು ಶುರು ಮಾಡಿದೆ. ಹನ್ನೊಂದನೆಯದಕ್ಕೆ ಸಾಕಾಯಿತು. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದೆ.

ಇಂಥ ಕೆಲಸಕ್ಕೆ ಇಮೇಜ್‌ಮ್ಯಾಜಿಕ್ ಇದೆ, ಆಜ್ಞೆ ಕೊಟ್ಟು ಚಿತ್ರಗಳನ್ನು ತಿದ್ದುವ ಪ್ರೋಗ್ರಾಂ. ಅದರಲ್ಲಿ 'ಅನೋಟೇಟ್' ಎಂಬ ಆಯ್ಕೆ ಕೊಟ್ಟು ಪಠ್ಯ ಬರೆದರೆ ಚಿತ್ರದ ಮೇಲೆ ಮೂಡುತ್ತದೆ. 'ಗ್ರ್ಯಾವಿಟಿ ಸೌತ್' ಅಂದರೆ ಕೆಳಗಡೆ, 'ಪಾಯಿಂಟ್‌ಸೈಜ್' ಅಂದರೆ ಅಕ್ಷರದ ಗಾತ್ರ. ಇಂಗ್ಲಿಷಿನಲ್ಲಿ ಪ್ರಯೋಗ ಮಾಡಿದೆ, ಮೊದಲ ಸಲಕ್ಕೇ ಬಂತು. ಕನ್ನಡ ಕೊಟ್ಟೆ, ಸಾಲಾಗಿ ಖಾಲಿ ಚೌಕಗಳು ಬಂದವು. ಅದು ತಾನಾಗಿ ಆರಿಸಿಕೊಂಡ ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟಿನ ಫೈಲು ಎಲ್ಲಿದೆ ಎಂದು ತೋರಿಸಿದ ಮೇಲೆ ಅಕ್ಷರಗಳು ಬಂದವು.

ಬಂದವು, ಆದರೆ ಓದುವ ಹಾಗಿರಲಿಲ್ಲ. 'ಅಜ್ಜಿ'ಯಲ್ಲಿ ಒಂದು ಜ, ಪಕ್ಕದಲ್ಲಿ ಇನ್ನೊಂದು ಜ, ಗುಡಿಸು ಬೇರೆ ಕಡೆ. 'ತೀರ್ಥಹಳ್ಳಿ'ಯ ಅರ್ಕಾವತ್ತು ಪತ್ತೆಯೇ ಇಲ್ಲ. ಫಾಂಟ್ ಹಾಳಾಗಿದೆ ಅಂದುಕೊಂಡು ಮೂರು ಫಾಂಟ್ ಬದಲಾಯಿಸಿದೆ. ಸುಮ್ನೆ ಅರ್ಧ ದಿನ ಹೋಯಿತು.

ತಪ್ಪು ಫಾಂಟಿನದ್ದಲ್ಲ. ಯೂನಿಕೋಡಿನಲ್ಲಿ 'ಜ್ಜಿ' ಅಂದರೆ ಜ, ವಿರಾಮ, ಜ, ಇ-ಸ್ವರದ ಚಿಹ್ನೆ, ಹೀಗೆ ನಾಲ್ಕು ಸಂಕೇತಗಳ ಸಾಲು. ಅವನ್ನು ಸೇರಿಸಿ ಒತ್ತು ಕೊಟ್ಟು ಕೂರಿಸುವ ಕೆಲಸ ಬೇರೆಯದೇ. ಅದನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡು) ಮಾಡುತ್ತದೆ. 'ಅನೋಟೇಟ್' ಅದನ್ನು ಬಳಸಬೇಕಾದರೆ ಇಮೇಜ್‌ಮ್ಯಾಜಿಕ್ಕನ್ನು ರಾಕ್ಮ್ ಎಂಬ ಇನ್ನೊಂದು ಲೈಬ್ರರಿ ಸೇರಿಸಿ ಕಟ್ಟಿರಬೇಕು. ವರ್ಶನ್ ಕೇಳಿದರೆ ಕೊನೆಯಲ್ಲಿ 'ಡೆಲಿಗೇಟ್ಸ್' ಎಂಬ ಸಾಲು ಬರುತ್ತದೆ. ಅಲ್ಲಿ ನೋಡಿದರೆ ನನ್ನದರಲ್ಲಿ ರಾಕ್ಮ್ ಇರಲಿಲ್ಲ, ಪಠ್ಯವನ್ನು ಜೋಡಿಸಿಕೊಡುವ ಪ್ಯಾಂಗೋ ಎಂಬ ಲೈಬ್ರರಿ ಇತ್ತು. ಈ ಸಾಲನ್ನು ಮೊದಲೇ ನೋಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು, ಅಲ್ವಾ?

ಪ್ಯಾಂಗೋ ದಾರಿ ಬೇರೆ. ಅದು ಪಠ್ಯವನ್ನೇ ಒಂದು ಪುಟ್ಟ ಚಿತ್ರ ಮಾಡಿಕೊಡುತ್ತದೆ. ಫೋಟೋವನ್ನು 1600 ಪಿಕ್ಸೆಲ್ ಅಗಲಕ್ಕೆ ತಂದು, ಅಷ್ಟೇ ಅಗಲದ ಬಿಳಿ ಪಟ್ಟಿಯಲ್ಲಿ ವಿವರ ಬರೆಸಿ, 'ಅಪೆಂಡ್' ಕೊಟ್ಟು ಕೆಳಗೆ ಅಂಟಿಸಿದೆ. ಎಲ್ಲ ಫೋಟೋಗಳನ್ನೂ ಒಂದೇ ಅಗಲಕ್ಕೆ ತರದಿದ್ದರೆ ದೊಡ್ಡ ಸ್ಕ್ಯಾನಿನಲ್ಲಿ ಅಕ್ಷರ ಇರುವೆಯ ಹಾಗೆ ಕಾಣುತ್ತದೆ. ವಿವರ ಉದ್ದವಾದರೆ ಪ್ಯಾಂಗೋ ತಾನೇ ಸಾಲು ಮುರಿಯುತ್ತದೆ, ಪಟ್ಟಿಯ ಎತ್ತರವೂ ಜಾಸ್ತಿಯಾಗುತ್ತದೆ. ಮುಖದ ಮೇಲೆ ಬರೆಯುವ ಪಾಪವೂ ತಪ್ಪಿತು. ಇಲ್ಲಿ ಫಾಂಟಿನ ಫೈಲಲ್ಲ, ಅದರ ಹೆಸರನ್ನು ಕೊಡಬೇಕು. 'ಅಜ್ಜಿ' ಅಜ್ಜಿಯಾಗಿಯೇ ಬಂದಳು.

ಶೀಟನ್ನು ಯುಟಿಎಫ್-8 (ಯೂನಿಕೋಡಿನ ಒಂದು ರೂಪ) ಪಠ್ಯವಾಗಿ ಉಳಿಸಿ, ಒಂದೊಂದೇ ಸಾಲು ಓದಿ ಅದೇ ಆಜ್ಞೆಯನ್ನು ಮತ್ತೆ ಮತ್ತೆ ಓಡಿಸುವ ನಾಲ್ಕು ಸಾಲಿನ ಬ್ಯಾಶ್ ಲೂಪ್ ಬರೆದೆ. ಎಂಟು ಫೋಟೋಗಳಲ್ಲಿ ಎಡವಿತು. ನೋಡಿದರೆ ಅಲ್ಲೆಲ್ಲ ನಾನು 'ಅಜ್ಜ & ಅಜ್ಜಿ' ಎಂದು ಬರೆದಿದ್ದೆ. ಪ್ಯಾಂಗೋ ಆ & ಚಿಹ್ನೆಯನ್ನು ಮಾರ್ಕಪ್, ಅಂದರೆ ಪಠ್ಯದೊಳಗೆ ತನಗೆ ಕೊಟ್ಟ ಸೂಚನೆ, ಎಂದು ತಿಳಿಯುತ್ತದೆ. ಎಲ್ಲ ಕಡೆ 'ಮತ್ತು' ಎಂದು ಬದಲಾಯಿಸಿದೆ, ಓದಲಿಕ್ಕೂ ಅದೇ ಚೆಂದ.

ಹೊಸ ಫೈಲುಗಳನ್ನು ಬೇರೆ ಫೋಲ್ಡರಿಗೆ ಹಾಕಿದೆ. ಇಮೇಜ್‌ಮ್ಯಾಜಿಕ್ಕಿನದೇ 'ಮಾಗ್ರಿಫೈ' ಆಜ್ಞೆ ಬಳಸಿದರೆ ಅದು ಮೂಲ ಫೈಲಿನ ಮೇಲೆಯೇ ಬರೆದುಬಿಡುತ್ತದೆ. ಅಜ್ಜಿಯ ಫೋಟೋಗಳ ಮೇಲೆ ಆ ಧೈರ್ಯ ನನಗಿಲ್ಲ. ತಮ್ಮ ತನ್ನ ವಿಂಡೋಸ್‌ನಲ್ಲಿ ಇಮೇಜ್‌ಮ್ಯಾಜಿಕ್ಕಿನ ಹಳೆಯ 'ಕನ್ವರ್ಟ್' ಆಜ್ಞೆ ಕೊಟ್ಟು ಪೇಚಾಡಿದ. ಅಲ್ಲಿ ಆ ಹೆಸರಿನಲ್ಲಿ ಡಿಸ್ಕಿನ ಫಾರ್ಮ್ಯಾಟ್ ಬದಲಿಸುವ ಬೇರೆಯೇ ಪ್ರೋಗ್ರಾಂ ಇದೆ. ಇಮೇಜ್‌ಮ್ಯಾಜಿಕ್ಕಿನ ಏಳನೇ ಆವೃತ್ತಿಯಲ್ಲಿ 'ಮ್ಯಾಜಿಕ್' ಎಂದು ಶುರು ಮಾಡಿದರೆ ಆ ಗೊಂದಲ ಇಲ್ಲ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. "ಎಮ್ಮೆ ಹಿಡಿದುಕೊಂಡವನು ನಾನಲ್ಲ ಮಾರಾಯ, ನಿನ್ನಪ್ಪ." ಶೀಟಿನಲ್ಲಿ ಒಂದು ಸಾಲು ತಿದ್ದಿ ಲೂಪನ್ನು ಮತ್ತೆ ಓಡಿಸಿದೆ.