ಹೈಡ್ರಾಲಿಕ್ ಮಂಚ ತಗೊಳ್ಳೋ ಮುಂಚೆ ಪಂಪ್ ಮೇಲಿರೋ ನಂಬರ್ ನೋಡಿ

ನಮ್ಮ ಚಿಕ್ಕಮಗಳೂರಲ್ಲಿ ಈಗ ಯಾರ ಗೃಹಪ್ರವೇಶಕ್ಕೆ ಹೋದ್ರೂ ಬೆಡ್‌ರೂಮಲ್ಲಿ ಹೈಡ್ರಾಲಿಕ್ ಮಂಚ ಇದ್ದೇ ಇರತ್ತೆ, ಮನೆಯವ್ರು ಒಂದ್ಸಲ ಎತ್ತಿ ತೋರಿಸ್ದೆ ಬಿಡಲ್ಲ. ಒಳಗೆ ರಗ್ಗು, ಕಂಬಳಿ, ಮದುವೇಲಿ ಬಂದ ಸ್ಟೀಲ್ ಪಾತ್ರೆ, ಒಬ್ರ ಮನೇಲಂತೂ ಒಣಗಿಸಿದ ಕಾಳುಮೆಣಸಿನ ಚೀಲ ಇಟ್ಟಿದ್ರು, ಎತ್ತಿದ ತಕ್ಷಣ ರೂಮೆಲ್ಲಾ ಘಾಟು.

ನಾವೂ ನಾಲ್ಕು ವರ್ಷದ ಹಿಂದೆ ಅಮ್ಮಂಗೆ ಅಂತ ಒಂದು ತಗೊಂಡ್ವಿ. ಅಂಗಡೀಲಿ ಹಾಸಿಗೆ ಹಾಕ್ದೆ ಬರೀ ಮಂಚ ಎತ್ತಿ ತೋರಿಸಿದ್ರು, ಒಂದು ಬೆರಳಿಗೇ ಎದ್ಬಿಡ್ತು, ನಾವು ಮರುಳಾಗಿ ದುಡ್ಡು ಕೊಟ್ವಿ. ಮನೆಗೆ ಬಂದ್ಮೇಲೆ ಅಮ್ಮ ಹೊಸ ಹಾಸಿಗೆ ಮೇಲೆ ತನ್ನ ಹಳೇ ಹತ್ತಿ ಹಾಸಿಗೇನೂ ಹಾಕ್ಸಿದ್ರು, ಫೋಮಲ್ಲಿ ಬೆನ್ನು ನೋಯತ್ತಂತೆ. ಎರಡನೇ ಮಳೆಗಾಲ, ಆಗಸ್ಟು, ಕಂಬಳಿ ತೆಗಿಯೋಣ ಅಂತ ಎತ್ತಿದಾಗ ಎಡಗಡೆ ಟಕ್ ಅಂತು, ಎತ್ತೋ ಪಂಪನ್ನ ಹಲಗೆಗೆ ಹಿಡಿದಿರೋ ಬ್ರಾಕೆಟ್ಟು ಸ್ಕ್ರೂ ಸಮೇತ ಕಿತ್ಕೊಂಡು ಬಂತು, ತೂತಿಂದ ಮರದ ಹೊಟ್ಟು ಉದುರ್ತು. ಅಮ್ಮನ ಕೈ ಒಳಗೇ ಇತ್ತು. ನಾನು ಪಕ್ಕದಲ್ಲಿದ್ದೆ ಹಿಡ್ಕೊಂಡೆ, ಹೆಬ್ಬೆರಳಿನ ಉಗುರು ಕಪ್ಪಾಗಿದ್ದು ಬಿಟ್ರೆ ಇನ್ನೇನೂ ಆಗ್ಲಿಲ್ಲ. ಆಮೇಲೆ ಅದನ್ನ ಬಿಚ್ಚಿ ಮರಗೆಲಸದ ಆಚಾರ್ರ ಜೊತೆ ಕೂತು ಸರಿ ಮಾಡ್ಸಿದಾಗ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲ್ನೇದು, ಹೆಸರು ಹೈಡ್ರಾಲಿಕ್ ಅಷ್ಟೇ, ಜೆಸಿಬಿ ಥರ ಎಣ್ಣೆ ತಳ್ಳಿ ಎತ್ತೋದಲ್ಲ ಅದು. ಎರಡೂ ಪಕ್ಕ ಇರೋ ಆ ಕಪ್ಪು ಕೊಳವೆ ಇದ್ಯಲ್ಲ, ಆಚಾರ್ರು ಪಂಪು ಅಂತಾರೆ, ಅದರ ಸರಿಯಾದ ಹೆಸರು ಗ್ಯಾಸ್ ಸ್ಪ್ರಿಂಗ್, ಕಾರಿನ ಡಿಕ್ಕಿ ಬಾಗಿಲು ಎತ್ತಿ ಹಿಡಿಯುತ್ತಲ್ಲ ಅದೇ ಜಾತಿ. ಒಳಗೆ ತುಂಬಿರೋದು ನೈಟ್ರೋಜನ್, ಅದಕ್ಕೆ ಬೆಂಕಿ ಹತ್ತಲ್ಲ, ತುಕ್ಕು ಹಿಡಿಸಲ್ಲ. ಜೊತೆಗೆ ಒಂಚೂರು ಎಣ್ಣೆ ಇರತ್ತೆ, ಅದು ಸೀಲ್ ಒಣಗದೇ ಇರೋಕೆ ಮತ್ತೆ ಕೊನೇಲಿ ಧಡ್ ಅನ್ನದೇ ನಿಧಾನಕ್ಕೆ ನಿಲ್ಲೋಕೆ. ಎತ್ತೋ ಕೆಲ್ಸ ಪೂರ್ತಿ ಗ್ಯಾಸಿಂದು. ಒತ್ತಡ ಎಷ್ಟಿರತ್ತೆ ಅಂದ್ರೆ, 10 ಎಂಎಂ ದಪ್ಪದ ರಾಡ್ ಇರೋ 1000 ನ್ಯೂಟನ್ ಪಂಪಲ್ಲಿ ಹತ್ತಿರ ಹತ್ತಿರ 127 ಬಾರ್, ನಿಮ್ಮ ಕಾರಿನ ಟೈರಲ್ಲಿ ಇರೋದು ಎರಡು ಚಿಲ್ರೆ ಬಾರ್ ಅಷ್ಟೇ ನೋಡಿ.

ಆ 1000 ಅನ್ನೋ ನಂಬರ್ರು ಪಂಪ್ ಮೇಲೇ ಪ್ರಿಂಟ್ ಆಗಿರತ್ತೆ, ಕೊನೇಲಿ ಎನ್ ಅಂತ ಅಕ್ಷರ ಇರತ್ತೆ, ಅಂದ್ರೆ ನ್ಯೂಟನ್. ಹತ್ತು ನ್ಯೂಟನ್ ಅಂದ್ರೆ ಸುಮಾರು ಒಂದು ಕೆಜಿ ತಳ್ಳು ಅಂತ ಲೆಕ್ಕ ಇಟ್ಕೊಳ್ಳಿ, ಸಾವಿರದ್ದು ನೂರು ಕೆಜಿ ತಳ್ಳತ್ತೆ. ಹಾಗಾದ್ರೆ ಐವತ್ತು ಅರವತ್ತು ಕೆಜಿ ಮಂಚ ಎತ್ತೋಕೆ ನೂರು ನೂರು ಕೆಜಿದು ಎರಡು ಪಂಪ್ ಯಾಕೆ ಬೇಕು ಅಂತ ನಾನೂ ಕೇಳಿದ್ದೆ. ಆಚಾರ್ರು ಬಾಯಲ್ಲಿ ಹೇಳ್ಲಿಲ್ಲ, ಬಾಗಿಲ ಹತ್ರ ಕರ್ಕೊಂಡು ಹೋಗಿ ಹಿಂಜ್ ಪಕ್ಕ ನಾಲ್ಕು ಬೆರಳು ಇಟ್ಟು ಬಾಗಿಲು ತಳ್ಳು ಅಂದ್ರು. ತಳ್ಳಿ ನೋಡಿ, ಜೀವ ಹೋಗತ್ತೆ. ಪಂಪ್ ಕೂತಿರೋದು ತಲೆದಿಂಬಿನ ಕಡೆ ಹಿಂಜ್ ಪಕ್ಕದಲ್ಲೇ, ಹಾಸಿಗೆ ಭಾರ ಇರೋದು ದೂರದಲ್ಲಿ.

ಲೆಕ್ಕ ಒಂದೇ ಒಂದ್ಸಲ ಹಾಕೋಣ, ಬೇಜಾರಾದ್ರೆ ಮುಂದಕ್ಕೆ ಹೋಗಿ. ಕ್ವೀನ್ ಸೈಜ್, ಆರೂಕಾಲಡಿ ಉದ್ದ ಅಂದ್ರೆ 1.9 ಮೀಟರ್. 18 ಎಂಎಂ ಪ್ಲೈ ಹಲಗೆ ಮೂವತ್ತು ಕೆಜಿ, ಹಾಸಿಗೆ ಇಪ್ಪತ್ತೈದು, ಒಟ್ಟು 55. ಈ ಭಾರದ ನಡುಮಧ್ಯ ಹಿಂಜಿಂದ 0.95 ಮೀಟರ್ ದೂರ, ಗುಣಿಸಿದ್ರೆ 52, ಇದು ಕೆಳಕ್ಕೆ ಎಳೆಯೋ ಲೆಕ್ಕ. ಎರಡು ಪಂಪ್ ಸೇರಿ 200 ಕೆಜಿ, ಸ್ವಲ್ಪ ಎತ್ತಿದ್ಮೇಲೆ ಹಿಂಜಿಂದ ಅದರ ದೂರ 20 ಸೆಂಟಿಮೀಟರ್ ಅಂದ್ರೆ 0.2 ಮೀಟರ್ ಅನ್ಕೊಳ್ಳಿ, ಗುಣಿಸಿದ್ರೆ 40, ಇದು ಮೇಲಕ್ಕೆ ತಳ್ಳೋ ಲೆಕ್ಕ. ನೀವು ಎತ್ತೋದು ಕಾಲ ಕಡೆ ತುದಿಯಿಂದ, ಹಾಗಾಗಿ ಬಾಕಿ 12 ಚಿಲ್ರೆನ 1.9ರಿಂದ ಭಾಗಿಸಿದ್ರೆ ನಿಮ್ಮ ಕೈಗೆ ಬರೋದು ಹತ್ತಿರ ಹತ್ತಿರ ಆರೂವರೆ ಕೆಜಿ, ಅಜ್ಜಿನೂ ಎತ್ತಬಹುದು. ಇನ್ನೂ ಮೇಲೆ ಹೋಗ್ತಾ ಹಾಸಿಗೆ ಭಾರ ಹಿಂಜ್ ಕಡೆಗೇ ವಾಲತ್ತೆ, ಆಗ ಪಂಪ್ ಗೆದ್ದು ತಾನೇ ಎತ್ಕೊಂಡು ಹೋಗತ್ತೆ.

ಈಗ ಹಾಸಿಗೆ ತೆಗೆದುಬಿಡಿ. ಬರೀ ಹಲಗೆ, ಮೂವತ್ತು ಕೆಜಿ, 0.95ರಿಂದ ಗುಣಿಸಿದ್ರೆ 28 ಚಿಲ್ರೆ. ಪಂಪಿಂದು 40, ಪಂಪೇ ಗೆಲ್ಲತ್ತೆ. ಅಂಗಡೀಲಿ ಬೆರಳಲ್ಲಿ ಎದ್ದಿದ್ದು ಇದಕ್ಕೇ, ಕ್ವಾಲಿಟಿಗೆ ಅಲ್ಲ! ಹೊಸ ಮಂಚ ತಂದಿಟ್ಟ ದಿನ ಹಾಸಿಗೆ ಇನ್ನೂ ಬಂದಿರಲ್ಲ, ಮುಚ್ಚೋಕೇ ಆಗ್ತಿಲ್ಲ ಕೆಟ್ಟಿದೆ ಅಂತ ಕೆಲವ್ರು ಅಂಗಡಿಗೆ ಫೋನ್ ಮಾಡ್ತಾರೆ, ಅದೂ ಇದೇ ಕಾರಣ, ಮೇಲೆ ಹತ್ತಿ ಕುಣೀಬೇಡಿ, ಹಾಸಿಗೆ ಬರೋವರೆಗೂ ಕಾಯಿರಿ. ಇನ್ನು ಅಮ್ಮನ ಹತ್ತಿ ಹಾಸಿಗೆ ಹದಿನೈದು ಕೆಜಿ ಸೇರಿಸಿ, ಕೈಗೆ ಬರೋ ಭಾರ ಆರೂವರೆಯಿಂದ ಹದಿನಾಲ್ಕಕ್ಕೆ ಹೋಗತ್ತೆ. ಒಂದು ಪಂಪ್ ಗ್ಯಾಸ್ ಬಿಟ್ಟಿದ್ರೆ, ಹತ್ತಿ ಹಾಸಿಗೆ ಇಲ್ದೇನೇ ಹದಿನೇಳು, ಅದೂ ಒಂದೇ ಕಡೆ ಎಳೆದು ಫ್ರೇಮೆಲ್ಲಾ ತಿರುಚತ್ತೆ.

ಅದಕ್ಕೇ ಜಾಸ್ತಿ ನಂಬರಿಂದು ಹಾಕಿಸ್ಬಿಡೋಣ ಅನ್ನೋದೂ ತಪ್ಪು, ಕಮ್ಮಿದು ಸಾಕು ಅನ್ನೋದೂ ತಪ್ಪು, ಹಾಸಿಗೆ ತೂಕ ಮೊದ್ಲು ನೋಡಿ ಆಮೇಲೆ ಪಂಪ್ ಆರಿಸ್ಬೇಕು. ತೂಕ ನೋಡೋದು ಸುಲಭ, ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಇದ್ರೆ ನೆಲದ ಮೇಲಿರೋ ಹಾಸಿಗೆಯ ಒಂದು ತುದಿನ ಹಗ್ಗ ಕಟ್ಟಿ ಸ್ವಲ್ಪ ಎತ್ತಿ, ಬಂದಿದ್ದನ್ನ ಡಬಲ್ ಮಾಡಿ. ಅಂದಹಾಗೆ ಮಂಚದ ಒಳಗೆ ಎಷ್ಟು ಸಾಮಾನು ತುಂಬಿದ್ರೂ ಪಂಪಿಗೆ ಸಂಬಂಧವೇ ಇಲ್ಲ, ಆ ಭಾರ ಕೆಳಗಿನ ಹಲಗೆಗೆ.

ಈಗ ನಮ್ಮನೇಲಿ ಕಿತ್ತು ಬಂದ ವಿಷ್ಯ. ಪಂಪ್ ಸರಿಯಾಗೇ ಇತ್ತು, ಕೈ ಕೊಟ್ಟಿದ್ದು ಹಲಗೆ. ಮಂಚ ಮುಚ್ಚಿದ್ದಾಗ ಪಂಪ್ ಸುಮ್ನೆ ಮಲಗಿರತ್ತೆ ಅನ್ಕೊಂಡಿರ್ತೀವಿ, ಇಲ್ಲ, ಆಗಲೇ ಅದು ಪೂರ್ತಿ ಅದುಮಿರೋದು, ಅದು ತಳ್ಳೋ ಗೆರೆ ಹಿಂಜಿಗೆ ತೀರಾ ಹತ್ರ ಬಂದಿರೋದ್ರಿಂದ ಮೇಲಕ್ಕೆ ಎತ್ತೋ ಬಲ ಸಿಗಲ್ಲ ಅಷ್ಟೇ, ನೂರು ಕೆಜಿ ತಳ್ಳು ಹಗಲು ರಾತ್ರಿ ಬ್ರಾಕೆಟ್ಟಿನ ಮೇಲೆ ಇದ್ದೇ ಇರತ್ತೆ. ಆ ಬ್ರಾಕೆಟ್ಟನ್ನ ಹಿಡ್ಕೊಂಡಿರೋದು ನಾಲ್ಕು ಸ್ಕ್ರೂ. ಹಲಗೆ ಪಾರ್ಟಿಕಲ್ ಬೋರ್ಡ್ ಆಗಿದ್ರೆ ಅದು ಮರದ ಪುಡಿನ ಅಂಟಲ್ಲಿ ಒತ್ತಿರೋದು, ನಮ್ಮ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೂ ಗೋಡೆನೇ ಬೆವರ್ತಿರತ್ತೆ, ಶೀತ ಕುಡಿದು ಬೋರ್ಡ್ ಊದ್ಕೊಳತ್ತೆ, ಸ್ಕ್ರೂ ಹಿಡಿತ ಹೋಗತ್ತೆ. ಆಚಾರ್ರು ಆ ಪಕ್ಕದ ಹಲಗೆನೇ ತೆಗೆದು 18 ಎಂಎಂ ಬಿಡಬ್ಲ್ಯೂಪಿ ಪ್ಲೈ, ಅಂದ್ರೆ ಕುದಿಯೋ ನೀರಿಗೂ ಬಿಟ್ಕೊಳ್ಳದ ಪ್ಲೈ ಹಾಕಿದ್ರು, ಅದರ ಮೇಲೆ ಐಎಸ್ 710 ಅಂತ ಸೀಲ್ ಇರತ್ತೆ, ಸ್ಕ್ರೂ ಬದಲು ಆಚೆಯಿಂದ ಈಚೆಗೆ ಬೋಲ್ಟು, ಅಗಲದ ವಾಷರ್ರು, ನಟ್ಟು. ಹಲಸು ಸಾಗುವಾನಿ ಪಟ್ಟಿ ಇದ್ರೂ ಆಗತ್ತೆ. ಖರ್ಚು ಹೆಚ್ಚೇನಿಲ್ಲ, ಅಂಗಡಿಯವ್ರು ಮೊದಲೇ ಹೀಗೆ ಮಾಡಿದ್ರೆ ಅವ್ರಿಗೂ ಹೆಚ್ಚು ಖರ್ಚಾಗ್ತಿರ್ಲಿಲ್ಲ, ಆದ್ರೂ ಮಾಡಲ್ಲ.

ಚಳಿ ಬಗ್ಗೆನೂ ಹೇಳ್ಬಿಡ್ತೀನಿ. ಜನವರಿ ಬೆಳಿಗ್ಗೆ ಮಂಚ ಭಾರ ಅನ್ಸತ್ತೆ ಅಂದ್ರೆ ನಿಮ್ಮ ಭ್ರಮೆ ಅಲ್ಲ, ಗ್ಯಾಸ್ ತಣ್ಣಗಾದ್ರೆ ಒತ್ತಡ ಇಳಿಯತ್ತೆ, 30 ಡಿಗ್ರಿಯಿಂದ 15ಕ್ಕೆ ಬಂದ್ರೆ ನೂರಕ್ಕೆ ಐದರಷ್ಟು, ಬಿಸಿಲೇರಿದ್ರೆ ಸರಿ ಹೋಗತ್ತೆ. ಮಳೆಗಾಲದ ಶೀತ ಮಾತ್ರ ಹಾಗಲ್ಲ. ಪಂಪಿನ ಹೊಳೆಯೋ ರಾಡ್ ಮೇಲೆ ಚುಕ್ಕೆ ಚುಕ್ಕೆ ತುಕ್ಕು ಬಂದ್ರೆ ಅದು ಒಳಗೆ ಹೊರಗೆ ಓಡಾಡ್ವಾಗ ಅರದ ಥರ ಸೀಲನ್ನ ತಿನ್ನತ್ತೆ, ಅಲ್ಲಿಂದ ಗ್ಯಾಸ್ ಸೋರತ್ತೆ. ತಿಂಗಳಿಗೊಂದ್ಸಲ ಒಣ ಬಟ್ಟೇಲಿ ಒರೆಸಿ ಸಾಕು, ಗ್ರೀಸು ಎಣ್ಣೆ ಬಳಿಬೇಡಿ ಧೂಳು ಅಂಟತ್ತೆ, ಪೇಂಟ್ ಹೊಡಿಯೋವ್ರು ಬಂದಾಗ ಪೇಪರ್ ಸುತ್ತಿ. ಆಗಾಗ ಮಂಚ ಎತ್ತಿಟ್ಟು ಒಳಗೆ ಗಾಳಿ ಆಡಿಸಿ, ಇಲ್ಲಾಂದ್ರೆ ರೇಷ್ಮೆ ಸೀರೆಗೂ ಬೂಷ್ಟು.

ಅಂಗಡಿಗೆ ಹೋದಾಗ ಮಾಡ್ಬೇಕಾಗಿರೋದು: ನಿಮ್ಮನೆ ಹಾಸಿಗೆಯಷ್ಟೇ ತೂಕದ್ದನ್ನ ಮೇಲೆ ಹಾಕ್ಸಿ, ನೀವೇ ಎತ್ತಿ. ಅರ್ಧಕ್ಕಿಂತ ಮೇಲೆ ಕೈ ಸಡಿಲ ಮಾಡಿ (ದೂರ ತೆಗೀಬೇಡಿ), ಅಲ್ಲೇ ನಿಲ್ಬೇಕು ಇಲ್ಲ ನಿಧಾನಕ್ಕೆ ಮೇಲೆ ಹೋಗ್ಬೇಕು, ಕೆಳಗೆ ಬಂದ್ರೆ ಬೇಡ. ಎರಡೂ ಪಕ್ಕ ಸಮಕ್ಕೆ ಏಳ್ತಿದ್ಯಾ ಅಂತ ಕಾಲ ಕಡೆ ನಿಂತು ನೋಡಿ. ಬ್ರಾಕೆಟ್ ತಗಡು ಬೆರಳಲ್ಲಿ ಅಲ್ಲಾಡಿಸಿ, ಕೀಲುಗಳಲ್ಲಿ ನೈಲಾನ್ ವಾಷರ್ ಇದ್ಯಾ, ಇಲ್ದಿದ್ರೆ ಆರು ತಿಂಗಳಿಗೆ ಕಿರ್ರ್ ಅನ್ನೋಕೆ ಶುರು. ಪಂಪ್ ಮೇಲೆ ನಂಬರ್ರೇ ಇಲ್ಲ ಅಂದ್ರೆ ವಾಪಸ್ ಬನ್ನಿ. ಡಿಸೈನು, ಪಾಲಿಶು, ತಲೆ ಕಡೆ ಕುಶನ್ನು ಎಲ್ಲಾ ಆಮೇಲೆ.

ಪಂಪ್ ಹೋಗಿದ್ದು ಗೊತ್ತಾಗೋದು ಹೇಗೆ ಅಂದ್ರೆ, ರಾಡ್ ಸುತ್ತ ಎಣ್ಣೆ ಜಿಡ್ಡು, ಎತ್ತಿಟ್ಟಿದ್ದು ನಿಧಾನಕ್ಕೆ ಇಳಿಯೋದು, ಒಂದು ಮೂಲೆ ಲೇಟಾಗಿ ಏಳೋದು. ಇದನ್ನ ನಾಳೆ ನೋಡೋಣ ಅನ್ಬೇಡಿ. 2024ರ ಜೂನಲ್ಲಿ ಇಂಗ್ಲೆಂಡಿನ ಡರ್ಹಮ್ ಕಡೆ ಒಬ್ಬ ಹೆಂಗಸು ಇಂಥದೇ ಮಂಚದ ಒಳಗೆ ಬಗ್ಗಿದ್ದಾಗ ಮೇಲಿನ ಭಾಗ ಕುತ್ತಿಗೆ ಮೇಲೆ ಬಿದ್ದು ತೀರಿಕೊಂಡ್ರು, ಅಲ್ಲಿನ ವಿಚಾರಣೆಯಲ್ಲಿ ಗೊತ್ತಾಗಿದ್ದು ಎರಡು ಪಂಪಲ್ಲಿ ಒಂದು ಕೆಟ್ಟಿತ್ತು ಅಂತ. ಹಾಗಾಗಿ ಈಗ ನಮ್ಮನೇಲಿ ಪಂಪ್ ಚೆನ್ನಾಗಿದ್ರೂ ಒಂದು ಗಟ್ಟಿ ಸಿಲ್ವರ್ ಓಕ್ ಕೋಲು ಅಳತೆಗೆ ಕಡಿಸಿ ಮಂಚದೊಳಗೇ ಇಟ್ಟಿದೀವಿ, ಕೋಲು ಕೊಡದೇ ತಲೆ ಒಳಗೆ ಹಾಕೋ ಹಾಗಿಲ್ಲ, ಮಕ್ಕಳಂತೂ ಹತ್ರನೇ ಬರೋ ಹಾಗಿಲ್ಲ.

ಬದಲಾಯಿಸೋವಾಗ ಎರಡೂ ಒಟ್ಟಿಗೆ ಬದಲಾಯಿಸಿ, ಒಂದು ಹಳೇದು ಒಂದು ಹೊಸದು ಅಂದ್ರೆ ಮತ್ತೆ ತಿರುಚತ್ತೆ. ಹೊಸದು ತರೋಕೆ ಮೂರು ಅಳತೆ ಬೇಕು, ಪೂರ್ತಿ ಬಿಚ್ಚಿಕೊಂಡಾಗ ತೂತಿಂದ ತೂತಿಗೆ ಉದ್ದ, ರಾಡ್ ಎಷ್ಟು ಒಳಗೆ ಹೋಗತ್ತೆ, ಮತ್ತೆ ನ್ಯೂಟನ್. ಹಾಸಿಗೆ ಇಳಿಸಿ, ಮಂಚ ಪೂರ್ತಿ ಎತ್ತಿ, ಕೋಲು ಕೊಟ್ಟು, ಒಬ್ರು ಹಿಡ್ಕೊಂಡು ಒಂದೊಂದೇ ಬಿಚ್ಚಿ. ಮಂಚ ಮುಚ್ಚಿದ್ದಾಗ ಬಿಚ್ಚೋಕೆ ಹೋದ್ರೆ ಅದುಮಿಟ್ಟ ನೂರು ಕೆಜಿ ಮುಖಕ್ಕೇ ಬರತ್ತೆ. ಮಂಚ ಮುಚ್ಚಿದಾಗ ರಾಡ್ ಕೆಳಮುಖ ಇರೋ ಹಾಗೆ ಕೂರಿಸಿದ್ರೆ ಎಣ್ಣೆ ಸೀಲ್ ಹತ್ರನೇ ನಿಲ್ಲತ್ತೆ, ಬಾಳಿಕೆ ಜಾಸ್ತಿ.

ಹಳೇ ಪಂಪ್ ಕೆಲಸಕ್ಕೆ ಬಾರದೇ ಇದ್ರೂ ಒಳಗೆ ಒತ್ತಡ ಉಳಿದಿರತ್ತೆ. ನಮ್ಮ ಆಚಾರ್ರ ಹುಡುಗ ಆ ಪೈಪು ಕುಯ್ದು ಕರ್ಟನ್ನಿಗೆ ಹಾಕ್ತೀನಿ ಅಂತ ಕಟ್ಟರ್ ಆನ್ ಮಾಡಿದ್ದ, ಆಚಾರ್ರು ಪ್ಲಗ್ಗೇ ಕಿತ್ತು ಬೈದ್ರು. ಕುಯ್ಯಬಾರದು, ತೂತು ಹಾಕಬಾರದು, ಒಲೆಗೆ ಹಾಕಬಾರದು. ಗುಜರಿಯವ್ನಿಗೆ ಕೊಡೋವಾಗ ಒಳಗೆ ಗ್ಯಾಸ್ ಇದೆ ಅಂತ ಬಾಯಿಬಿಟ್ಟು ಹೇಳಿ ಕೊಟ್ಟೆ, ಅವನು ಎರಡನ್ನೂ ತೂಕಕ್ಕೆ ಹಾಕಿ, ಬೇರೆ ಚೀಲಕ್ಕೆ ಹಾಕೊಂಡ.